ಕಾಳಿ ಕಣಿವೆಯ ಸಾಹಸ ಪ್ರವಾಸ: ಹಾಸಿಗೆ ಇದ್ದಷ್ಟೇ ಕಾಲು

(ಕಾಳಿ ಕಣಿವೆಯ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ನದಿ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗಣೇಶಗುಡಿಯ ಸೇತುವೆಯ ಮೇಲೆ ನಿಂತು ಬೇಸಗೆಯ ಒಂದು ದಿನವಿಡೀ ಕಾಳಿ ನದಿಯನ್ನು ಗಮನಿಸಿದವರಿಗೆ ಒಂದು ವಿಚಿತ್ರ ಕಾಣಿಸುತ್ತದೆ. ಆಕಾಶದಲ್ಲಿ ಮೋಡದ ಸುಳಿವಿಲ್ಲ, ಮಳೆ ಬಿದ್ದು ತಿಂಗಳುಗಳೇ ಕಳೆದಿವೆ. ಆದರೂ ನದಿ ಇದ್ದಕ್ಕಿದ್ದಂತೆ ಏರುತ್ತದೆ. ಬಂಡೆಗಳು ಮುಳುಗುತ್ತವೆ, ನೊರೆ ಏಳುತ್ತದೆ, ರಬ್ಬರ್ ದೋಣಿಗಳು ಕೂಗು ಕೇಕೆಗಳೊಂದಿಗೆ ಇಳಿದು ಹೋಗುತ್ತವೆ. ಕೆಲವು ಗಂಟೆಗಳ ಬಳಿಕ ಅದೇ ನದಿ ಅಷ್ಟೇ ಬೇಗ ಇಳಿಯುತ್ತದೆ. ಬಂಡೆಗಳ ನಡುವಿನ ಸಣ್ಣ ಗುಂಡಿಗಳಲ್ಲಿ ಉಳಿದ ಮರಿಮೀನುಗಳು ಬಿಸಿಲಿಗೆ ಕಾಯುವ ನೀರಿನಲ್ಲಿ ಒದ್ದಾಡುತ್ತವೆ.

ಈ ಏರಿಳಿತಕ್ಕೆ ಕಾರಣ ಮೇಲ್ಗಡೆ ಇರುವ ಸೂಪಾ ಅಣೆಕಟ್ಟು. ಅದರ ಬುಡದಲ್ಲಿರುವ 100 ಮೆಗಾವ್ಯಾಟ್ ವಿದ್ಯುದಾಗಾರದ ಯಂತ್ರಗಳು ತಿರುಗಿದಾಗ ನೀರು ಬರುತ್ತದೆ, ನಿಂತಾಗ ನೀರು ನಿಲ್ಲುತ್ತದೆ. ನಗರಗಳಿಂದ ಬರುವವರು ‘ಕಾಡು ನದಿಯ ಸಾಹಸ’ ಎಂದು ಕರೆಯುವುದು ವಾಸ್ತವವಾಗಿ ವಿದ್ಯುತ್ ಬೇಡಿಕೆಯ ವೇಳಾಪಟ್ಟಿಯ ಮೇಲೆ ನಡೆಯುವ ಆಟ. ಸಾಹಸ ಪ್ರವಾಸವನ್ನೂ ಸಂರಕ್ಷಣೆಯನ್ನೂ ಒಟ್ಟಿಗೆ ಚಿಂತಿಸುವ ಯಾರೇ ಆದರೂ ಮೊದಲು ಅರಿಯಬೇಕಾದ ಸತ್ಯ ಇದು. ಇಲ್ಲಿನ ನದಿ ಈಗಾಗಲೇ ಒಂದು ದೊಡ್ಡ ಭಾರವನ್ನು ಹೊತ್ತಿದೆ. ಪ್ರವಾಸೋದ್ಯಮ ಅದರ ಮೇಲೆ ಬಂದು ಕುಳಿತ ಎರಡನೆಯ ಭಾರ.

ಕೊಟ್ಟ ನದಿ, ಕಳೆದುಕೊಂಡ ಕಣಿವೆ

ಜೊಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ ಸುಮಾರು 184 ಕಿಲೋಮೀಟರ್ ಹರಿದು ಕಾರವಾರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಆದಿಯಿಂದ ಅಂತ್ಯದವರೆಗೂ ಉತ್ತರ ಕನ್ನಡ ಜಿಲ್ಲೆಯೊಳಗೇ ಹರಿಯುವ ಈ ಪುಟ್ಟ ನದಿಯ ಮೇಲೆ ಹೇರಿದ ಯೋಜನೆಗಳ ಸಂಖ್ಯೆ ಮಾತ್ರ ಪುಟ್ಟದಲ್ಲ. ಸೂಪಾ, ಬೊಮ್ಮನಹಳ್ಳಿ, ತಟ್ಟಿಹಳ್ಳ, ಕೊಡಸಳ್ಳಿ, ಕದ್ರಾ ಎಂಬ ಅಣೆಕಟ್ಟುಗಳು. ನಾಗಝರಿಯ ದೊಡ್ಡ ವಿದ್ಯುದಾಗಾರ. ಕೈಗಾದ ಅಣು ವಿದ್ಯುತ್ ಸ್ಥಾವರ. ದಾಂಡೇಲಿಯ ಕಾಗದ ಕಾರ್ಖಾನೆ. ಇವೆಲ್ಲವೂ ಒಂದೇ ಕಣಿವೆಯ ಕಾಡನ್ನೋ ನೀರನ್ನೋ ನಂಬಿ ನಿಂತಿವೆ.

101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1980ರ ದಶಕದಲ್ಲಿ ಪೂರ್ಣಗೊಂಡಾಗ ಕಾಳಿ ಮತ್ತು ಪಾಂಡರಿ ನದಿಗಳ ಸಂಗಮದಲ್ಲಿದ್ದ ಸೂಪಾ ಪಟ್ಟಣವೇ ಮುಳುಗಿತು. ತಾಲೂಕಿನ ಕೇಂದ್ರ ಜೊಯಿಡಾಕ್ಕೆ ಬಂತು. ಮನೆ, ಗದ್ದೆ, ದೇವಸ್ಥಾನಗಳನ್ನು ಬಿಟ್ಟ ಅನೇಕ ಕುಟುಂಬಗಳು ರಾಮನಗರದ ಪುನರ್ವಸತಿ ಕೇಂದ್ರದಲ್ಲಿ ಹೊಸ ಬದುಕನ್ನು ಆರಂಭಿಸಬೇಕಾಯಿತು. ರಾಜ್ಯದ ಊರೂರಿಗೆ ಬೆಳಕು ಕೊಟ್ಟ ಕಣಿವೆಯಲ್ಲೇ ಕರೆಂಟಿಗಾಗಿ ಬಹುಕಾಲ ಕಾದ ಹಳ್ಳಿಗಳಿವೆ ಎಂಬುದನ್ನು ಇಲ್ಲಿನ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದೇ ಕಣಿವೆ ಜೀವವೈವಿಧ್ಯದ ಖಜಾನೆಯೂ ಹೌದು. 1956ರಲ್ಲಿ ಘೋಷಣೆಯಾದ ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನಗಳನ್ನು ಸೇರಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಮಾಡಲಾಯಿತು. 2015ರಲ್ಲಿ ಅದಕ್ಕೆ ಕಾಳಿಯ ಹೆಸರನ್ನೇ ಇಡಲಾಯಿತು. ದಾಂಡೇಲಿಯ ಸುತ್ತ ನಾಲ್ಕು ಬಗೆಯ ಮಂಗಟ್ಟೆ ಹಕ್ಕಿಗಳು ಕಾಣಸಿಗುತ್ತವೆ. ಅವುಗಳಿಗಾಗಿಯೇ 2011ರಲ್ಲಿ ಸುಮಾರು 52 ಚದರ ಕಿಲೋಮೀಟರ್ ವ್ಯಾಪ್ತಿಯ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ನದಿಯಲ್ಲಿ ನೀರುನಾಯಿಗಳಿವೆ, ಮೊಸಳೆಗಳಿವೆ, ಮಹಶೀರ್ ಮೀನುಗಳಿವೆ. ದಡದ ಕಾಡಿನಲ್ಲಿ ಕುಣಬಿ, ಗೌಳಿ, ಸಿದ್ದಿ ಮೊದಲಾದ ಸಮುದಾಯಗಳ ಬದುಕಿದೆ. ಕುಣಬಿಗಳ ಗಡ್ಡೆ ಗೆಣಸಿನ ಕೃಷಿ ಈಗ ನಾಡಿನ ಗಮನ ಸೆಳೆದಿದೆ.

ಪ್ರವಾಸಿ ತಂದದ್ದು

ಸಾಹಸ ಪ್ರವಾಸವನ್ನು ದೂಷಿಸುವ ಮೊದಲು ಅದು ಕೊಟ್ಟದ್ದನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕುವುದು ನ್ಯಾಯ. ಮ್ಯಾಂಗನೀಸ್ ಗಣಿಗಳು ಮುಚ್ಚಿದವು. ಮರ ಕಡಿಯುವ ಕೂಪುಗಳು ನಿಂತವು. ಪದವಿ ಮುಗಿಸಿದ ಹುಡುಗರು ಗೋವೆಗೋ ಬೆಂಗಳೂರಿಗೋ ಹೋಗುವುದೊಂದೇ ದಾರಿ ಎಂಬ ಸ್ಥಿತಿ ಬಂತು. ಅಂಥ ಹೊತ್ತಿನಲ್ಲಿ ದೋಣಿ ನಡೆಸುವ, ಅಡುಗೆ ಮಾಡುವ, ಹಕ್ಕಿ ತೋರಿಸುವ, ಜೀಪು ಓಡಿಸುವ ಕೆಲಸಗಳು ಊರಿನಲ್ಲೇ ಸಿಕ್ಕಿದವು. ನದಿಯ ಸುಳಿ, ಬಂಡೆ, ಆಳಗಳನ್ನು ಬಾಲ್ಯದಿಂದ ಬಲ್ಲವನ ಜ್ಞಾನಕ್ಕೆ ಮೊದಲ ಬಾರಿಗೆ ಸಂಬಳ ಬಂತು. ಮನೆಯ ಒಂದು ಕೋಣೆಯನ್ನು ಅತಿಥಿಗೆ ಬಿಟ್ಟುಕೊಟ್ಟ ಗೃಹಿಣಿಯ ಕೈಗೆ ನೇರವಾಗಿ ಹಣ ಸೇರಿತು.

ಇನ್ನೊಂದು ಉಪಕಾರವನ್ನೂ ನೆನೆಯಬೇಕು. ಸುಮಾರು 2000ದ ಹೊತ್ತಿಗೆ ದಾಂಡೇಲಿಯ ಬಳಿ ಕಾಳಿಗೆ ಮತ್ತೊಂದು ಕಿರು ಜಲವಿದ್ಯುತ್ ಯೋಜನೆ ಬರುವುದರಲ್ಲಿತ್ತು. ಅದಕ್ಕಾಗಿ ಸಿದ್ಧಪಡಿಸಿದ ಪರಿಸರ ಪರಿಣಾಮ ವರದಿ ತಟ್ಟಿಹಳ್ಳಕ್ಕೆ ಸಂಬಂಧಿಸಿದ ಬೇರೊಂದು ವರದಿಯ ನಕಲು ಎಂಬುದನ್ನು ಪರಿಸರ ಕಾರ್ಯಕರ್ತರು ಪುಟಪುಟ ಹೋಲಿಸಿ ತೋರಿಸಿಕೊಟ್ಟರು. ಆ ಯೋಜನೆ ಮುಂದುವರಿಯಲಿಲ್ಲ. ಹರಿಯುವ ನದಿಗೂ ಒಂದು ಬೆಲೆಯಿದೆ, ಅದನ್ನು ನಂಬಿ ಬದುಕುವವರೂ ಇದ್ದಾರೆ ಎಂಬ ವಾದಕ್ಕೆ ಆಗ ಪ್ರವಾಸೋದ್ಯಮವೂ ಬಲ ಕೊಟ್ಟಿತು. ವಿದ್ಯಾರ್ಥಿಗಳು ಈ ಪ್ರಕರಣವನ್ನು ವಿಶೇಷವಾಗಿ ನೆನಪಿಡಬೇಕು. ಒಂದು ವರದಿಯನ್ನು ಎಚ್ಚರದಿಂದ ಓದುವ ಅಭ್ಯಾಸ ಒಂದು ನದಿಯ ಹರಿವನ್ನು ಉಳಿಸಬಲ್ಲದು.

ಆದ್ದರಿಂದ ಪ್ರಶ್ನೆ ಪ್ರವಾಸೋದ್ಯಮ ಬೇಕೋ ಬೇಡವೋ ಎಂಬಲ್ಲಿ ನಿಲ್ಲುವುದಿಲ್ಲ. ಎಷ್ಟು, ಎಲ್ಲಿ, ಯಾವಾಗ, ಯಾರ ಕೈಯಲ್ಲಿ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕಾಗಿದೆ.

ದೋಣಿಗಿಂತ ದಡದ ಹಾನಿ ದೊಡ್ಡದು

ರಬ್ಬರ್ ದೋಣಿಗೆ ಎಂಜಿನ್ ಇಲ್ಲ, ಹೊಗೆ ಇಲ್ಲ. ಅದು ನೀರಿನ ಮೇಲೆ ಜಾರಿ ಹೋಗುತ್ತದೆ. ಆದ್ದರಿಂದ ಅದರಿಂದ ಹಾನಿಯೇ ಇಲ್ಲ ಎಂದು ಹಲವರು ವಾದಿಸುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ದೋಣಿ ನದಿಯಲ್ಲಿ ಇರುವುದು ಒಂದೆರಡು ಗಂಟೆ ಮಾತ್ರ. ದೋಣಿಯಲ್ಲಿ ಕುಳಿತವನು ಉಳಿದ ಇಪ್ಪತ್ತೆರಡು ಗಂಟೆ ದಡದ ಮೇಲೆ ಇರುತ್ತಾನೆ. ಹಾನಿಯ ದೊಡ್ಡ ಪಾಲು ಆಗುವುದು ಆ ಇಪ್ಪತ್ತೆರಡು ಗಂಟೆಗಳಲ್ಲಿ.

ನದಿಯ ದಡ ಬರಿಯ ಖಾಲಿ ಜಾಗವಲ್ಲ. ಬಾಗಿದ ಮರಗಳ ಬೇರುಗಳ ನಡುವಿನ ಪೊಟರೆಗಳಲ್ಲಿ ನೀರುನಾಯಿ ಮರಿ ಹಾಕುತ್ತದೆ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಮೊಸಳೆ ದಡದ ಮಣ್ಣನ್ನು ತೋಡಿ ಮೊಟ್ಟೆಯಿಡುತ್ತದೆ. ನಡುಗಡ್ಡೆಯ ಕಲ್ಲು ಮರಳಿನ ಮೇಲೆ ಗೂಡಿಲ್ಲದೆಯೇ ಮೊಟ್ಟೆಯಿಡುವ ಹಕ್ಕಿಗಳಿವೆ. ನದಿಯನ್ನು ನೋಡಿಕೊಂಡು ಮಲಗಬೇಕೆಂಬ ಅತಿಥಿಯ ಬಯಕೆಗಾಗಿ ದಡದ ಪೊದೆ ಸವರಿ, ಇಳಿಜಾರು ಕಡಿದು, ಮೆಟ್ಟಿಲು ಕಟ್ಟಿದಾಗ ಇವೆಲ್ಲವೂ ಒಂದೇ ಏಟಿಗೆ ಹೋಗುತ್ತವೆ. ಪೊದೆ ಹೋದ ದಡವನ್ನು ಮಳೆಗಾಲದಲ್ಲಿ ನದಿ ಕೊರೆಯುತ್ತದೆ. ಕೊರೆತಕ್ಕೆ ಹೆದರಿ ಮಾಲೀಕರು ಕಲ್ಲಿನ ಗೋಡೆ ಕಟ್ಟುತ್ತಾರೆ. ಆ ಗೋಡೆಗೆ ಬಡಿದ ನೀರು ಎದುರು ದಡದ ರೈತನ ಗದ್ದೆಯನ್ನು ಕೊರೆಯತೊಡಗುತ್ತದೆ. ಒಬ್ಬನ ನೋಟದ ಸುಖಕ್ಕೆ ಇನ್ನೊಬ್ಬನ ಮಣ್ಣು ತೆರುವ ಬೆಲೆ ಇದು.

ಮಂಗಟ್ಟೆಯ ಕಥೆ ಇನ್ನೂ ಸೂಕ್ಷ್ಮ. ಹೆಣ್ಣು ಹಕ್ಕಿ ದೊಡ್ಡ ಮರದ ಪೊಟರೆಯೊಳಗೆ ಹೊಕ್ಕು ಬಾಯಿಯನ್ನು ಮುಚ್ಚಿಕೊಂಡು ವಾರಗಟ್ಟಲೆ ಒಳಗೇ ಉಳಿಯುತ್ತದೆ. ಒಂದು ಸಣ್ಣ ಸೀಳಿನ ಮೂಲಕ ಗಂಡು ಹಕ್ಕಿ ಅತ್ತಿ, ಆಲ, ಬಸರಿಯ ಹಣ್ಣುಗಳನ್ನು ತಂದು ಉಣಿಸುತ್ತದೆ. ಗಂಡು ಹಕ್ಕಿ ಹೆದರಿ ಬಾರದೇ ಹೋದರೆ ಒಳಗಿರುವ ತಾಯಿ ಮತ್ತು ಮರಿಗಳು ಹಸಿವಿನಲ್ಲಿ ಉಳಿಯುತ್ತವೆ. ಈ ಸಂಸಾರ ನಡೆಯುವುದು ಬೇಸಗೆಯಲ್ಲಿ. ಶಾಲೆಗಳ ರಜೆ ಬಂದು ವಸತಿಗೃಹಗಳು ತುಂಬುವುದೂ, ರಾತ್ರಿಯವರೆಗೆ ಧ್ವನಿವರ್ಧಕಗಳು ಕುಣಿಸುವುದೂ ಅದೇ ಬೇಸಗೆಯಲ್ಲಿ. ಛಾಯಾಚಿತ್ರದ ಆಸೆಗೆ ಗೂಡಿನ ಮರದ ಬುಡದಲ್ಲೇ ಗಂಟೆಗಟ್ಟಲೆ ಕಾಯುವವರೂ ಉಂಟು. ಅಂಥವರು ಹಕ್ಕಿಯನ್ನು ಪ್ರೀತಿಸುತ್ತಾರೆ ಎಂಬುದು ನಿಜ. ಅವರ ಪ್ರೀತಿಯ ಬಿಲ್ಲನ್ನು ಹಕ್ಕಿ ತೆರುತ್ತದೆ ಎಂಬುದೂ ಅಷ್ಟೇ ನಿಜ.

ಇನ್ನು ಮೊದಲು ಹೇಳಿದ ಏರಿಳಿತ. ಮಳೆಯಿಲ್ಲದ ಬೇಸಗೆಯಲ್ಲಿ ನಿಸರ್ಗದ ನದಿ ಹೀಗೆ ದಿನದಿನವೂ ಏರಿಳಿಯುವುದಿಲ್ಲ. ಯಂತ್ರದ ನದಿ ಗಂಟೆಗಳಲ್ಲಿ ಏರಿ ಇಳಿಯುತ್ತದೆ. ಏರುವಾಗ ನಡುಗಡ್ಡೆಯ ಮೊಟ್ಟೆಗಳು ತೊಳೆದು ಹೋಗುತ್ತವೆ. ಇಳಿಯುವಾಗ ಮರಿಮೀನುಗಳು ಗುಂಡಿಗಳಲ್ಲಿ ಸಿಕ್ಕಿಬೀಳುತ್ತವೆ. ಬಟ್ಟೆ ಒಗೆಯಲು ಇಳಿದ ಹೆಂಗಸರಿಗೂ, ಎಮ್ಮೆ ಮೈ ತೊಳೆಯಲು ಹೋದ ಹುಡುಗರಿಗೂ ಇದೇ ಅಪಾಯ. ನದಿಯ ಪರಿಚಯವಿಲ್ಲದ ಪ್ರವಾಸಿ ಬಂಡೆಯ ಮೇಲೆ ಕುಳಿತು ಚಿತ್ರ ತೆಗೆಯುವಾಗ ಅಪಾಯ ಇಮ್ಮಡಿಯಾಗುತ್ತದೆ. ಅಣೆಕಟ್ಟಿನ ನದಿಯಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2019ರ ಆಗಸ್ಟ್‌ನಲ್ಲಿ ಕದ್ರಾದ ಕೆಳಗಿನ ಗ್ರಾಮಗಳು ಮನೆಯೊಳಗೆ ನುಗ್ಗಿದ ನೀರಿನಲ್ಲಿ ನಿಂತು ಕಂಡಿವೆ.

ಒಂದು ಸರಳ ಲೆಕ್ಕ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಪರಿಸರ ವಿಜ್ಞಾನಿಗಳು ಧಾರಣಾ ಸಾಮರ್ಥ್ಯ ಎಂಬ ದೊಡ್ಡ ಹೆಸರಿನಿಂದ ಕರೆಯುತ್ತಾರೆ. ಅದನ್ನು ಅಳೆಯಲು ದೊಡ್ಡ ಉಪಕರಣಗಳೇನೂ ಬೇಕಿಲ್ಲ. ಗ್ರಾಮೀಣ ಕುಡಿಯುವ ನೀರಿಗೆ ಸರ್ಕಾರ ಇಟ್ಟುಕೊಂಡಿರುವ ಮಾನದಂಡ ಒಬ್ಬರಿಗೆ ದಿನಕ್ಕೆ 55 ಲೀಟರ್. ಐವರಿರುವ ಮನೆಗೆ 275 ಲೀಟರ್ ಆಯಿತು. ಒಂದು ವಸತಿಗೃಹದಲ್ಲಿ 50 ಅತಿಥಿಗಳು ಉಳಿದರು, ಒಬ್ಬೊಬ್ಬರು ಕೇವಲ 100 ಲೀಟರ್ ಬಳಸಿದರು ಎಂದೇ ಇಟ್ಟುಕೊಂಡರೂ ದಿನಕ್ಕೆ 5,000 ಲೀಟರ್ ಬೇಕು. ಅಂದರೆ ಹದಿನೆಂಟು ಮನೆಗಳ ಒಂದು ಕೇರಿಯ ನೀರು. ಈಜುಕೊಳ ಇದ್ದರೆ ಲೆಕ್ಕವೇ ಬೇರೆ. ಒಳಗೆ ಹೋದ ನೀರಿನ ಹೆಚ್ಚಿನ ಪಾಲು ಕೊಳಚೆಯಾಗಿ ಹೊರಗೆ ಬರಬೇಕು. ಇಂಗುಗುಂಡಿ ನದಿಗೆ ಸಮೀಪವಿದ್ದರೆ ಅದು ಎಲ್ಲಿಗೆ ಸೇರುತ್ತದೆ ಎಂಬುದಕ್ಕೆ ಪ್ರಯೋಗಾಲಯದ ವರದಿ ಬೇಕಾಗಿಲ್ಲ.

ಈ ಲೆಕ್ಕದಲ್ಲಿ ಒಂದು ಎಚ್ಚರಿಕೆ ಅಗತ್ಯ. ವರ್ಷದ ಸರಾಸರಿಯನ್ನು ತೋರಿಸಿ ‘ಒತ್ತಡವೇನೂ ಇಲ್ಲ’ ಎಂದು ಸಾಧಿಸುವುದು ಸುಲಭ. ಮಳೆಗಾಲದ ಖಾಲಿ ದಿನಗಳೂ ಸರಾಸರಿಯಲ್ಲಿ ಸೇರಿಬಿಡುತ್ತವೆ. ನದಿ ಸರಾಸರಿಯಿಂದ ಸಾಯುವುದಿಲ್ಲ. ಮೂರು ದಿನಗಳ ಸತತ ರಜೆ ಬಂದಾಗ, ನೀರು ಅತಿ ಕಡಿಮೆ ಇರುವ ಏಪ್ರಿಲ್‌ನಲ್ಲಿ, ಎಲ್ಲ ಕೋಣೆಗಳೂ ತುಂಬಿದ ರಾತ್ರಿ ಅದರ ನಿಜವಾದ ಪರೀಕ್ಷೆ ನಡೆಯುತ್ತದೆ. ಮಿತಿಯನ್ನು ನಿಗದಿ ಮಾಡಬೇಕಾದದ್ದು ಆ ದಿನವನ್ನು ಮುಂದಿಟ್ಟುಕೊಂಡು.

ಬೇರೆ ನದಿಗಳು ಕಲಿಸಿದ ಪಾಠ

ಕಾಳಿ ಕಣಿವೆ ಇಂದು ನಿಂತಿರುವ ಕವಲಿನಲ್ಲಿ ಬೇರೆ ನದಿಗಳು ಹಿಂದೆಯೇ ನಿಂತಿದ್ದವು. ಉತ್ತರಾಖಂಡದ ಕೌಡಿಯಾಲದಿಂದ ಋಷಿಕೇಶದವರೆಗೆ ಗಂಗೆಯ ಮರಳು ದಂಡೆಗಳ ಮೇಲೆ ಡೇರೆಗಳ ಸಾಲು ಬೆಳೆದಿತ್ತು. 2015ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದಂಡೆಯ ಡೇರೆಗಳಿಗೆ ಕಠಿಣ ನಿರ್ಬಂಧ ಹಾಕಿತು. ದೋಣಿ ಸಾಹಸವನ್ನು ಅದರಿಂದ ಬೇರೆಯಾಗಿ ನೋಡಿತು. ಆಟ ಬೇರೆ, ದಡದ ಆಕ್ರಮಣ ಬೇರೆ ಎಂಬ ವಿವೇಕ ಅದರಲ್ಲಿತ್ತು. ಆದರೆ ಸ್ಪಷ್ಟ ನಿಯಮಾವಳಿ ಮಾತ್ರ ಸಿದ್ಧವಾಗಲಿಲ್ಲ. 2018ರ ಜೂನ್‌ನಲ್ಲಿ ಆ ರಾಜ್ಯದ ಉಚ್ಚ ನ್ಯಾಯಾಲಯ ನೀತಿ ರೂಪಿಸುವವರೆಗೆ ದೋಣಿ ಸಾಹಸವನ್ನೇ ನಿಲ್ಲಿಸುವಂತೆ ಆದೇಶಿಸಬೇಕಾಯಿತು. ಆಳುವವರು ಸಕಾಲದಲ್ಲಿ ಮಾಡಬೇಕಾದ ಕೆಲಸವನ್ನು ಮುಂದೂಡಿದರೆ ಬಿಸಿ ತಟ್ಟುವುದು ದಿನಗೂಲಿಯ ಹುಡುಗನಿಗೆ.

ಎರಡನೆಯ ಪಾಠ ಕರ್ನಾಟಕದ್ದೇ. ಕಾವೇರಿಯ ಭೀಮೇಶ್ವರಿ, ಗಾಳಿಬೋರೆ ಮೊದಲಾದೆಡೆ ಮಹಶೀರ್ ಮೀನನ್ನು ಗಾಳದಲ್ಲಿ ಹಿಡಿದು ತೂಗಿ ಮತ್ತೆ ನೀರಿಗೇ ಬಿಡುವ ಕ್ರೀಡೆಯ ಶಿಬಿರಗಳಿದ್ದವು. ವನ್ಯಜೀವಿ ಕಾನೂನಿನ ದೃಷ್ಟಿಯಿಂದ ಅಭಯಾರಣ್ಯದಲ್ಲಿ ಅದಕ್ಕೆ ಅವಕಾಶವಿಲ್ಲವೆಂದು 2010ರ ನಂತರದ ವರ್ಷಗಳಲ್ಲಿ ಅದು ನಿಂತಿತು. ಕಾನೂನಿನ ತರ್ಕ ಸರಿಯಾಗಿಯೇ ಇತ್ತು. ಆದರೆ ಆ ಶಿಬಿರಗಳ ಕಾವಲುಗಾರರು ಅದೇ ದಡದ ಹಳ್ಳಿಗರಾಗಿದ್ದರು. ಸಿಡಿಮದ್ದು ಹಾಕಿ ಮೀನು ಕೊಲ್ಲುವವರನ್ನು ಹಗಲು ರಾತ್ರಿ ತಡೆಯುತ್ತಿದ್ದವರು ಅವರೇ. ಶಿಬಿರ ಹೋದಾಗ ಆ ಕಣ್ಗಾವಲೂ ಹೋಯಿತೆಂದು ಮೀನಿನ ತಜ್ಞರು ಆತಂಕ ವ್ಯಕ್ತಪಡಿಸಿದರು. ಕಾವೇರಿ ಕೊಳ್ಳದ ಗೂನುಬೆನ್ನಿನ ಮಹಶೀರ್ 2018ರಲ್ಲಿ ಜಾಗತಿಕ ಕೆಂಪು ಪಟ್ಟಿಯ ‘ತೀವ್ರ ಅಪಾಯದ’ ವರ್ಗಕ್ಕೆ ಸೇರಿತು. ಅದಕ್ಕೆ ಅಣೆಕಟ್ಟು, ಮರಳುಗಾರಿಕೆ, ಹೊರಗಿನ ಮೀನಿನ ತಳಿ ಮುಂತಾದ ಕಾರಣಗಳೂ ಇವೆ. ಆದರೂ ನಿಷೇಧಿಸುವ ಮೊದಲು ದಡದ ಕಾವಲನ್ನು ಯಾರು ಮಾಡುವರು ಎಂದು ಕೇಳಬೇಕೆಂಬ ಪಾಠವನ್ನು ಕಾವೇರಿ ಕಲಿಸಿದೆ.

ಮೂರನೆಯದು ಬೆಟ್ಟದ ಪಾಠ. 2024ರ ಜನವರಿಯ ರಜಾದಿನಗಳಲ್ಲಿ ಕುಮಾರಪರ್ವತದ ಕಾಲುದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳು ರಾಜ್ಯವನ್ನು ಬೆಚ್ಚಿಬೀಳಿಸಿದವು. ಸರ್ಕಾರ ಚಾರಣವನ್ನು ತಡೆದು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಮುಂಗಡ ನೋಂದಣಿಯ ವ್ಯವಸ್ಥೆ ತಂದು, ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿಯನ್ನು ಹಾಕಿತು. ಆ ಸಂಖ್ಯೆ ಎಲ್ಲ ಬೆಟ್ಟಗಳಿಗೂ ಒಂದೇ ಆಗಬಹುದೇ ಎಂಬ ಚರ್ಚೆ ನಡೆಯಲಿ. ಆದರೆ ಮಿತಿ ಹಾಕಿದರೆ ಪ್ರವಾಸೋದ್ಯಮ ಸತ್ತೇಹೋಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಬರುವವನು ಒಂದು ವಾರ ತಡವಾಗಿ ಬರುತ್ತಾನೆ, ಅಷ್ಟೇ. ಬೆಟ್ಟಕ್ಕೆ ಅನ್ವಯಿಸಿದ ವಿವೇಕ ನದಿಗೆ ಏಕೆ ಅನ್ವಯಿಸಬಾರದು?

ಯಾರ ಕಾಡು, ಯಾರ ನಿಯಮ?

ಕಣಿವೆಯ ಜನರ ಮನಸ್ಸಿನಲ್ಲಿ ಕುದಿಯುತ್ತಿರುವ ಒಂದು ನೋವನ್ನು ಮರೆಮಾಚಿ ಸಂರಕ್ಷಣೆಯ ಮಾತಾಡುವುದು ಅಪ್ರಾಮಾಣಿಕತೆಯಾದೀತು. ಹುಲಿ ಸಂರಕ್ಷಿತ ಪ್ರದೇಶದ ತಿರುಳಿನೊಳಗಿನ ಕುಟುಂಬಗಳಿಗೆ ಸ್ವಯಂಪ್ರೇರಿತ ಸ್ಥಳಾಂತರದ ಪರಿಹಾರ ನೀಡಲಾಗುತ್ತದೆ. 2021ರಲ್ಲಿ ಆ ಮೊತ್ತ 10 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿತು. ರಸ್ತೆ, ಆಸ್ಪತ್ರೆ, ಶಾಲೆ ಯಾವುದೂ ಹತ್ತಿರವಿಲ್ಲದೆ ಬೇಸತ್ತವರಲ್ಲಿ ಕೆಲವರು ಸಹಿ ಹಾಕಿ ಹೊರಡುತ್ತಾರೆ. ತಲೆಮಾರುಗಳಿಂದ ಗೆಣಸು ಬೆಳೆದ ಕುಣಬಿಯ ಮನೆ ಖಾಲಿಯಾಗುವ ಹೊತ್ತಿನಲ್ಲೇ ಕಾಡಿನ ಅಂಚಿನಲ್ಲಿ ಹೊಸ ವಸತಿಗೃಹದ ದೀಪಗಳು ಹೊತ್ತಿಕೊಂಡರೆ ಉಳಿದವರು ಏನೆಂದು ತಿಳಿಯಬೇಕು? ಮನೆಯ ಮಾಡು ದುರಸ್ತಿಗೆ ನಾಲ್ಕು ಗಳ ತಂದವನಿಗೆ ಕಾನೂನು ಗೊತ್ತಾಗುತ್ತದೆ. ದಡ ಕಡಿದವನಿಗೂ ಅದೇ ಕಾನೂನು ಅಷ್ಟೇ ಬೇಗ ಗೊತ್ತಾಗಬೇಕು. ಇಲ್ಲವಾದರೆ ಕಾಡನ್ನು ಉಳಿಸಬೇಕೆಂಬ ಮಾತು ಹಳ್ಳಿಯವರ ಕಿವಿಗೆ ಮೋಸದ ಮಾತಿನಂತೆ ಕೇಳುತ್ತದೆ.

ಕಾನೂನುಗಳ ಕೊರತೆ ಈ ದೇಶಕ್ಕಿಲ್ಲ. ತಿರುಳು ಪ್ರದೇಶದ ಶೇಕಡಾ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ಬಳಸಬಾರದೆಂದು ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿ ಹೇಳುತ್ತದೆ. 2002ರ ಜೀವವೈವಿಧ್ಯ ಕಾಯಿದೆ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆನ್ನುತ್ತದೆ. 2006ರ ಅರಣ್ಯ ಹಕ್ಕು ಕಾಯಿದೆ ಗ್ರಾಮಸಭೆಗೆ ಅಧಿಕಾರ ಕೊಡುತ್ತದೆ. 2011ರಲ್ಲಿ ಬಂದ ಮಾಧವ ಗಾಡ್ಗೀಳ್ ಸಮಿತಿಯ ವರದಿಯ ಹೃದಯವೂ ಇದೇ ಆಗಿತ್ತು: ಘಟ್ಟದ ಭವಿಷ್ಯವನ್ನು ಘಟ್ಟದ ಗ್ರಾಮಸಭೆಗಳು ಚರ್ಚಿಸಿ ನಿರ್ಧರಿಸಲಿ. ಆದರೆ ಎಷ್ಟು ಊರುಗಳಲ್ಲಿ ಜೀವವೈವಿಧ್ಯ ಸಮಿತಿಯ ಸದಸ್ಯರಿಗೇ ತಾವು ಸದಸ್ಯರೆಂಬುದು ತಿಳಿದಿದೆ? ಬಳಸದ ಕತ್ತಿ ತುಕ್ಕು ಹಿಡಿಯುತ್ತದೆ, ಬಳಸದ ಹಕ್ಕು ಇನ್ನೊಬ್ಬರ ಕೈ ಸೇರುತ್ತದೆ.

ಸಾಧ್ಯವಿರುವ ದಾರಿ

ಕಣಿವೆಯ ಗ್ರಾಮಸಭೆಗಳು ಚರ್ಚೆಗೆ ಎತ್ತಿಕೊಳ್ಳಬಹುದಾದ ಕೆಲವು ಅಂಶಗಳು ಹೀಗಿವೆ.

ಒಂದನೆಯದಾಗಿ, ನೀರು ಬಿಡುವ ಕ್ರಮ. ಯಂತ್ರಗಳನ್ನು ಒಮ್ಮೆಗೇ ನಿಲ್ಲಿಸದೆ ಹಂತ ಹಂತವಾಗಿ ಇಳಿಸಿದರೆ ಮೀನುಗಳಿಗೆ ಆಳಕ್ಕೆ ಸರಿಯಲು ಸಮಯ ಸಿಗುತ್ತದೆ. ನೀರು ಬಿಡುವ ವೇಳೆಯನ್ನು ಹಿಂದಿನ ದಿನವೇ ಪಂಚಾಯತಿ ಕಚೇರಿಯ ಫಲಕದಲ್ಲಿ ಬರೆದು, ಸೈರನ್ ಮೊಳಗಿಸಬೇಕು. ದೋಣಿಯವರಿಗೆ ಸಿಗುವ ಮಾಹಿತಿ ಬಟ್ಟೆ ಒಗೆಯುವವರಿಗೂ ಸಿಗಲಿ.

ಎರಡನೆಯದಾಗಿ, ದಡದ ಬಿಡುವು. ಪ್ರವಾಹದ ಗರಿಷ್ಠ ಗುರುತಿನಿಂದ ನಿಗದಿತ ದೂರದವರೆಗೆ ಹೊಸ ಕಟ್ಟಡ, ಡೇರೆ, ಗೋಡೆ, ಇಂಗುಗುಂಡಿಗಳಿಗೆ ಅವಕಾಶವಿರಬಾರದು. ದೋಣಿ ಹತ್ತಲು ಮತ್ತು ಇಳಿಯಲು ಎರಡೋ ಮೂರೋ ಸ್ಥಳಗಳನ್ನು ಮಾತ್ರ ಗುರುತಿಸಿ ಉಳಿದ ದಡವನ್ನು ನೀರುನಾಯಿಗೂ ಮೊಸಳೆಗೂ ಬಿಡಬೇಕು. ಊಟದ ಮಿಕ್ಕಿದ್ದನ್ನೂ ಮಾಂಸದ ತ್ಯಾಜ್ಯವನ್ನೂ ನದಿಗೆ ಎಸೆದರೆ ಮೊಸಳೆ ಮನುಷ್ಯನ ಸುಳಿವಿಗೆ ಹತ್ತಿರ ಬರಲು ಕಲಿಯುತ್ತದೆ ಎಂಬುದನ್ನು ವಸತಿಗೃಹದವರಿಗೆ ಕಟ್ಟುನಿಟ್ಟಾಗಿ ತಿಳಿಸಬೇಕು.

ಮೂರನೆಯದಾಗಿ, ಕಾಲದ ಬಿಡುವು. ದಿನಕ್ಕೆ ಎಷ್ಟು ದೋಣಿ, ಒಂದು ದೋಣಿಗೆ ಎಷ್ಟು ಜನ, ಎರಡು ದೋಣಿಗಳ ನಡುವೆ ಎಷ್ಟು ಅಂತರ ಎಂಬುದು ಬರೆಹದಲ್ಲಿರಬೇಕು. ಹೆಚ್ಚುವರಿ ಜನರನ್ನು ತುಂಬಿದ ದೋಣಿ ನದಿಗೂ ಅಪಾಯ, ಕುಳಿತವರಿಗೂ ಅಪಾಯ. ಗೂಡಿನ ಮರಗಳ ಸುತ್ತ ಬೇಸಗೆಯಲ್ಲಿ ಯಾರೂ ಸುಳಿಯದಂತೆ ನೋಡಿಕೊಳ್ಳಬೇಕು. ಸೂರ್ಯಾಸ್ತದ ನಂತರ ಹೊರಾಂಗಣದ ಧ್ವನಿವರ್ಧಕಕ್ಕೂ ನದಿಯತ್ತ ಬೀಳುವ ಪ್ರಖರ ಬೆಳಕಿಗೂ ತಡೆ ಬೇಕು.

ನಾಲ್ಕನೆಯದಾಗಿ, ಹಣದ ಹರಿವು. ಪ್ರತಿ ಟಿಕೆಟ್ಟಿನ ಒಂದು ಪಾಲು ಗ್ರಾಮ ಪಂಚಾಯತಿಯ ಪ್ರತ್ಯೇಕ ಖಾತೆಗೆ ಬಂದು, ಅದರ ಖರ್ಚನ್ನು ಗ್ರಾಮಸಭೆಯಲ್ಲಿ ಓದಿ ಹೇಳುವಂತಾಗಬೇಕು. ಕಸ ವಿಲೇವಾರಿ, ರಕ್ಷಣಾ ತರಬೇತಿ, ದಡದ ಗಿಡ ನೆಡುವಿಕೆಗೆ ಅದು ಬಳಕೆಯಾಗಲಿ. ದೊಡ್ಡ ಬಂಡವಾಳದ ಹತ್ತು ಕಟ್ಟಡಗಳಿಗಿಂತ ಎರಡೆರಡು ಕೋಣೆಗಳ ನೂರು ಮನೆಗಳಲ್ಲಿ ಹಣ ಹಂಚಿಹೋಗುವುದು ಕಣಿವೆಗೆ ಹಿತ. ಅತಿಥಿಯ ತಟ್ಟೆಗೆ ಪೇಟೆಯ ಪೊಟ್ಟಣದ ತಿಂಡಿಯ ಬದಲು ಕುಣಬಿಯ ಹೊಲದ ಗೆಣಸು ಬಂದರೆ ಪ್ರವಾಸೋದ್ಯಮ ಕೃಷಿಯನ್ನು ಕೊಲ್ಲದೆ ಸಾಕುತ್ತದೆ.

ಐದನೆಯದಾಗಿ, ವಿದ್ಯಾರ್ಥಿಗಳ ಕೆಲಸ. ಸೇತುವೆಯ ಕಂಬದ ಮೇಲೆ ಅಡಿ ಅಂಗುಲಗಳ ಗುರುತು ಬರೆದು ದಿನಕ್ಕೆ ಮೂರು ಹೊತ್ತು ನೀರಿನ ಮಟ್ಟವನ್ನು ದಾಖಲಿಸಲು ಒಂದು ನೋಟ್‌ಬುಕ್ ಸಾಕು. ಬಂಡೆಗಳ ಮೇಲಿನ ನೀರುನಾಯಿಯ ಹಿಕ್ಕೆ, ಫಲಕ್ಕೆ ಬಂದ ಅತ್ತಿಮರಗಳು, ದೂರದಿಂದಲೇ ಕಂಡ ಮಂಗಟ್ಟೆ ಗೂಡು, ಇಳಿದ ನೀರಿನ ಗುಂಡಿಗಳಲ್ಲಿ ಸಿಕ್ಕಿಬಿದ್ದ ಮೀನುಗಳು, ರಜಾದಿನದಂದು ಬಂದ ವಾಹನಗಳು, ಇವೆಲ್ಲವನ್ನೂ ಮೂರು ವರ್ಷ ಬಿಡದೆ ಬರೆದಿಟ್ಟರೆ ಕಣಿವೆಯ ಬಳಿ ಯಾವ ಇಲಾಖೆಯೂ ಅಲ್ಲಗಳೆಯಲಾಗದ ದಾಖಲೆ ಇರುತ್ತದೆ. ಮುಂದೊಮ್ಮೆ ಯಾರಾದರೂ ನಕಲು ವರದಿ ತಂದಾಗ ಪಕ್ಕದಲ್ಲಿಟ್ಟು ಹೋಲಿಸಲು ಅಸಲು ದಾಖಲೆ ಬೇಕಲ್ಲವೇ?

ಎರಡು ಆಕ್ಷೇಪಗಳು

‘ಹೊಟ್ಟೆಗೆ ಹಿಟ್ಟಿಲ್ಲದವನಿಗೆ ನೀರುನಾಯಿಯ ಕಥೆ ಏಕೆ?’ ಎಂದು ಊರಿನಲ್ಲಿ ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಪ್ರವಾಸಿ ಬರುವುದು ಕಾಂಕ್ರೀಟು ನೋಡಲಲ್ಲ, ಅದು ಅವನ ಊರಿನಲ್ಲೇ ಸಾಕಷ್ಟಿದೆ. ನೊರೆಯುವ ತಿಳಿನೀರು, ಹಸಿರು ದಡ, ತಲೆಯ ಮೇಲೆ ರೆಕ್ಕೆ ಬೀಸಿ ಹೋಗುವ ಮಂಗಟ್ಟೆ, ಇವು ಇರುವವರೆಗೆ ಮಾತ್ರ ಅವನು ಬರುತ್ತಾನೆ. ಇವು ಹೋದ ದಿನ ಅವನು ಮತ್ತೊಂದು ನದಿಯನ್ನು ಹುಡುಕಿಕೊಳ್ಳುತ್ತಾನೆ, ಹೊರಗಿನ ಬಂಡವಾಳವೂ ಅವನ ಹಿಂದೆ ಹೊರಡುತ್ತದೆ. ಕೊಳೆತ ದಡದ ಜೊತೆ ಉಳಿಯುವವರು ಊರಿನವರು ಮಾತ್ರ.

‘ಎಲ್ಲ ಪ್ರವಾಸವನ್ನೂ ನಿಲ್ಲಿಸಿಬಿಡಿ’ ಎಂಬುದು ಇನ್ನೊಂದು ತುದಿಯ ಮಾತು. ಅದನ್ನು ಹೇಳುವವರ ಕಾಳಜಿ ದೊಡ್ಡದು. ಆದರೆ ನದಿಯಿಂದ ಜನರನ್ನು ಪೂರ್ತಿ ದೂರವಿಟ್ಟರೆ ನದಿಯ ಪರವಾಗಿ ಮಾತಾಡುವವರೂ ದೂರವಾಗುತ್ತಾರೆ. ಆಗ ಮುಂದಿನ ಅಣೆಕಟ್ಟಿನ ಅಹವಾಲು ಸಭೆಗೆ ಬರುವವರು ಯಾರು? ಈ ಜಿಲ್ಲೆಯಲ್ಲಿ ಬೇಡ್ತಿ ಯೋಜನೆಯನ್ನು ತಡೆದವರೂ, 1983ರಲ್ಲಿ ಸಲಕಣಿಯ ಬಳಿ ಮರಗಳನ್ನು ಅಪ್ಪಿ ನಿಂತು ಅಪ್ಪಿಕೋ ಚಳವಳಿಗೆ ಜೀವ ಕೊಟ್ಟವರೂ ಕಾಡು ನದಿಗಳ ಜೊತೆ ದಿನನಿತ್ಯದ ನಂಟಿದ್ದ ಹಳ್ಳಿಗರೇ. ನಂಟು ಕಡಿದುಹೋದಲ್ಲಿ ಚಳವಳಿ ಹುಟ್ಟುವುದಿಲ್ಲ.

ಕೊನೆಯದಾಗಿ

ಕಾಳಿ ನದಿ ಒಮ್ಮೆ ಮರ ಕೊಟ್ಟಿತು, ಆಮೇಲೆ ವಿದ್ಯುತ್ತು ಕೊಟ್ಟಿತು, ಈಗ ಮನರಂಜನೆ ಕೊಡುತ್ತಿದೆ. ಮರದ ಕಾಲದಲ್ಲಿ ಊರಿನವರನ್ನು ಯಾರೂ ಕೇಳಲಿಲ್ಲ. ವಿದ್ಯುತ್ತಿನ ಕಾಲದಲ್ಲೂ ಕೇಳಲಿಲ್ಲ. ಒಂದು ಪಟ್ಟಣವೇ ನೀರಿನಡಿ ಹೋಯಿತು. ಮೂರನೆಯ ಸರದಿಯಲ್ಲಿ ಕೇಳಿಸಿಕೊಳ್ಳುವ ಅವಕಾಶ ಇನ್ನೂ ಉಳಿದಿದೆ. ವಸತಿಗೃಹವೊಂದಕ್ಕೆ ಪರವಾನಗಿಯ ಅರ್ಜಿ ಮೊದಲು ಬರುವುದು ಗ್ರಾಮ ಪಂಚಾಯತಿಯ ಮೇಜಿನ ಮೇಲೆ. ಆ ಮೇಜಿನ ಸುತ್ತ ಕುಳಿತವರು ಊರಿನವರೇ. ಅರ್ಜಿ ಬಂದ ದಿನ ದಡಕ್ಕೆ ಹೋಗಿ ಅಳತೆ ಮಾಡುವವರು, ನೀರಿನ ಲೆಕ್ಕ ಕೇಳುವವರು, ಕೊಳಚೆ ಎಲ್ಲಿಗೆ ಹೋಗುತ್ತದೆಂದು ಕೇಳುವವರು ನಾಲ್ಕು ಮಂದಿ ಇದ್ದರೆ ಸಾಕು, ಅರ್ಧ ಸಂರಕ್ಷಣೆ ಅಲ್ಲಿಯೇ ಆಗುತ್ತದೆ.

ನಾಳೆ ಬೆಳಿಗ್ಗೆ ಗಣೇಶಗುಡಿಯಲ್ಲಿ ಮತ್ತೆ ನೀರು ಏರುತ್ತದೆ, ಸಂಜೆ ಇಳಿಯುತ್ತದೆ. ಸೇತುವೆಯ ಮೇಲೆ ನೋಟ್‌ಬುಕ್ ಹಿಡಿದ ಒಬ್ಬ ವಿದ್ಯಾರ್ಥಿನಿ ಆ ಏರಿಳಿತವನ್ನು ಬರೆದುಕೊಳ್ಳತೊಡಗಿದರೆ ಈ ಶಿಬಿರ ಸಾರ್ಥಕ. ಆಕೆಯ ಮೊದಲ ಪುಟದ ಮೂರು ಅಂಕಿಗಳಿಂದಲೇ ಕಾಳಿ ಕಣಿವೆಯ ಕಾವಲು ಆರಂಭವಾಗಲಿ.